ಮೊದಲೇ ಬರೆದಿಟ್ಟ ‘ಇಲ್ಲ’

ನಮ್ಮ ಪಕ್ಕದ ಮನೆಯ ಸುಜಾತ ಈಚೆಗೆ ಜೈಲಿನ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಸೇರಿದ ವಾರವೇ ಅಚ್ಚು ಹಾಕಿದ ಒಂದು ಪ್ರಶ್ನಾವಳಿ ಹಿಡಿದುಕೊಂಡು ನನ್ನ ಹತ್ತಿರ ಬಂದಳು. ಹೊಸದಾಗಿ ಬಂದ ಕೈದಿಗೆ ಹೆಂಡ, ಸಾರಾಯಿ, ಗಾಂಜಾ, ಅಫೀಮು ಇವುಗಳಲ್ಲಿ ಯಾವುದರ ಚಟ ಇದೆ, ಎಷ್ಟು ದಿನದಿಂದ ಇದೆ ಎಂದು ಪತ್ತೆ ಮಾಡುವುದಕ್ಕೆ ನಾಲ್ಕು ಪುಟದ ಪ್ರಶ್ನೆಗಳು.

“ತಾತ, ನಿಮ್ಮ ಕಾಲದಲ್ಲಿ ಇದನ್ನೆಲ್ಲ ಹೆಂಗೆ ಕೇಳ್ತಾ ಇದ್ರಿ?” ಎಂದಳು.

“ಕೇಳ್ತಾನೇ ಇರ್ಲಿಲ್ಲಮ್ಮ” ಎಂದೆ.

ಅವಳು ನಕ್ಕಳು. ಮುದುಕ ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡಿರಬೇಕು. ನಾನು ತಮಾಷೆ ಮಾಡಿರಲಿಲ್ಲ. ಈ ಕೆಲಸಕ್ಕೆ ಬರುವ ಅವಳಂಥವರಿಗೆ ಉಪಯೋಗವಾದೀತು ಎಂದು ಆ ಕಥೆಯನ್ನು ಬರೆಯಲು ಕುಳಿತಿದ್ದೇನೆ. ನನಗೆ ಸಿಕ್ಕ ಬಡ್ತಿ, ವರ್ಗಾವಣೆ ಇವೆಲ್ಲ ಇಲ್ಲಿ ಬರುವುದಿಲ್ಲ. ಅವುಗಳಿಂದ ಯಾರಿಗೂ ಏನೂ ಕಲಿಯುವುದಕ್ಕಾಗುವುದಿಲ್ಲ. ನಾನು ಮಾಡಿದ ತಪ್ಪಿನಿಂದ ಕಲಿಯಬಹುದು.

ಐವತ್ತರ ದಶಕದ ಮಾತು. ಮಾಗಡಿ ರಸ್ತೆಯ ಕಡೆ ಒಂದು ಸಣ್ಣ ಜೈಲಿತ್ತು. ಈಗ ಅದರ ಗೋಡೆಯೂ ಉಳಿದಿಲ್ಲ, ಹೆಸರು ಹೇಳಿ ಆಗಬೇಕಾದದ್ದೂ ಇಲ್ಲ. ನಾನು ಅಲ್ಲಿ ಔಷಧ ಬೆರೆಸಿ ಕೊಡುವ ಕಾಂಪೌಂಡರ್ ಆಗಿ ಸೇರಿದೆ. ಆಗ ನನಗೆ ಇಪ್ಪತ್ತಮೂರು ವರ್ಷ. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ರಾಜಾಜಿನಗರದಲ್ಲಿ ಹೊಸದಾಗಿ ಎದ್ದ ಮನೆಗಳ ಸಾಲಿನಲ್ಲಿ ಅಣ್ಣ ಅತ್ತಿಗೆಯ ಜೊತೆ ಇದ್ದೆ. ಅಣ್ಣನಿಗೆ ಕಾರ್ಖಾನೆ ಕೆಲಸ. ಬೆಳಿಗ್ಗೆ ಸೈಕಲ್ ಹತ್ತಿದರೆ ರಾಗಿ ಹೊಲಗಳ ನಡುವಿನ ಗಾಡಿಜಾಡಿನಲ್ಲಿ ಹಾದು ಜೈಲು ಮುಟ್ಟುತ್ತಿದ್ದೆ. ಆ ಹೊಲಗಳಲ್ಲೂ ಆಗಲೇ ಅಲ್ಲಲ್ಲಿ ಸರ್ವೆಯವರು ನೆಟ್ಟ ಕಲ್ಲುಗಳು ಬಿಳಿಯ ಸುಣ್ಣ ಬಳಿದುಕೊಂಡು ನಿಂತಿರುತ್ತಿದ್ದವು.

ಹೊಸ ಕೈದಿಗಳು ಬಂದಾಗ ಅವರನ್ನು ಗೇಟಿನ ಒಳಗಿನ ಜಗಲಿಯಲ್ಲಿ ಸಾಲಾಗಿ ಕೂರಿಸುತ್ತಿದ್ದರು. ತೂಕ ನೋಡುವುದು, ಎತ್ತರ ಅಳೆಯುವುದು, ಮೈಮೇಲಿನ ಮಚ್ಚೆ, ಗಾಯದ ಗುರುತು ಬರೆದುಕೊಳ್ಳುವುದು ನನ್ನ ಕೆಲಸ. ರಿಜಿಸ್ಟರಿನ ಕಟ್ಟಕಡೆಯ ಕಾಲಮ್ಮಿನ ತಲೆಬರಹ ‘ಚಟ’. ಅಲ್ಲಿ ಕೈದಿಯನ್ನು ಕೇಳಿ ಉತ್ತರ ಬರೆಯಬೇಕು.

ಪಾನನಿರೋಧ ಜಾರಿಯಲ್ಲಿದ್ದ ಕಾಲ ಅದು. ಕುಡಿಯುತ್ತೇನೆ ಎಂದು ಬಾಯಿಬಿಟ್ಟರೆ ಅದೇ ಇನ್ನೊಂದು ಕೇಸು. ಮೇಲಾಗಿ, ಹಿಡಿದು ತಂದ ಪೊಲೀಸಿನವನು ಲಾಠಿ ಊರಿಕೊಂಡು ಅಲ್ಲೇ ಪಕ್ಕದಲ್ಲಿ ನಿಂತಿರುತ್ತಿದ್ದ. ಇಂಥ ಜಾಗದಲ್ಲಿ “ಏನಯ್ಯಾ, ಏನಾದ್ರೂ ಚಟ ಇದೆಯಾ?” ಎಂದು ಗಟ್ಟಿಯಾಗಿ ಕೇಳಿದರೆ ಯಾವ ಪುಣ್ಯಾತ್ಮ ಹೌದು ಎನ್ನುತ್ತಾನೆ? ಬಾಯಿಂದ ಸಾರಾಯಿ ಗಮ್ಮೆನ್ನುತ್ತಿರುವವನೂ “ಇಲ್ಲ ಸ್ವಾಮಿ, ಮಂಜುನಾಥನಾಣೆ” ಎನ್ನುತ್ತಿದ್ದ.

ಆರು ತಿಂಗಳು ಹೀಗೆ ಕೇಳಿದೆ. ಆರು ತಿಂಗಳೂ ‘ಇಲ್ಲ’ ಎಂದೇ ಬರೆದೆ. ಆಮೇಲೆ ನನಗೊಂದು ಬುದ್ಧಿವಂತಿಕೆ ಹೊಳೆಯಿತು. ಶನಿವಾರ ಮಧ್ಯಾಹ್ನ ಮುಂದಿನ ವಾರಕ್ಕೆಂದು ರಿಜಿಸ್ಟರಿಗೆ ಗೆರೆ ಹೊಡೆಯುವುದು ರೂಢಿ. ಗೆರೆ ಹೊಡೆಯುವಾಗಲೇ ಕೊನೆಯ ಕಾಲಮ್ಮಿನಲ್ಲಿ ಮೇಲಿನಿಂದ ಕೆಳಗಿನವರೆಗೆ ‘ಇಲ್ಲ, ಇಲ್ಲ, ಇಲ್ಲ’ ಎಂದು ಬರೆದಿಡತೊಡಗಿದೆ. ಹೆಸರಿಲ್ಲ, ಊರಿಲ್ಲ, ಆಸಾಮಿ ಇನ್ನೂ ಹೊರಗೆ ಎಲ್ಲೋ ಓಡಾಡಿಕೊಂಡಿದ್ದಾನೆ. ಅವನ ಮುಂದೆ ಆಗಲೇ ‘ಇಲ್ಲ’. ಯಾರಾದರೂ ನೋಡಿಯಾರು ಎಂದು ಖಾಲಿ ಸಾಲುಗಳ ಮೇಲೆ ಶಾಯಿ ಹೀರುವ ಒಂದು ಒತ್ತುಕಾಗದ ಇಟ್ಟಿರುತ್ತಿದ್ದೆ. ನನ್ನ ಕೈಬರಹ ದುಂಡಗೆ ಇತ್ತು. ಜೈಲರ್ ಸಾಹೇಬರು ಒಂದು ಸಲ ಪುಟ ತಿರುವಿ ನೋಡಿ, “ರಿಜಿಸ್ಟರ್ ಅಂದ್ರೆ ಹಿಂಗಿರಬೇಕು” ಎಂದು ಹೊಗಳಿದರು. ನಾನು ಹಿಗ್ಗಿದೆ.

ನಮ್ಮ ಡಾಕ್ಟರು ಮಂಗಳವಾರ, ಗುರುವಾರ, ಶನಿವಾರ ಬರುತ್ತಿದ್ದರು. ಕುಳ್ಳಗಿನ, ಕೆಂಪಗಿನ ಮನುಷ್ಯ. ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ಅವರ ಕೈಯಲ್ಲಿ ನನಗೆ ಮೊದಲು ಬೈಗುಳ ಬಿದ್ದದ್ದು ಮುನಿಸ್ವಾಮಿಯ ದೆಸೆಯಿಂದ. ಮುನಿಸ್ವಾಮಿ ದೊಡ್ಡ ಶಿಕ್ಷೆಯ ಹಳೆಯ ಕೈದಿ, ಜೈಲಿನೊಳಗೆ ಎಲ್ಲರಿಗೂ ಕ್ಷೌರ ಮಾಡುತ್ತಿದ್ದವನು. ಅವನಿಗೆ ದಿನಾ ಬೆಳಿಗ್ಗೆ ಹೊಟ್ಟೆನೋವು. ದಿನಾ ನಾನು ಶುಂಠಿಯ ಟಿಂಚರು ಹಾಕಿದ ಮಿಕ್ಸ್ಚರ್ ಕೊಡುತ್ತಿದ್ದೆ. ಪಾಪ, ಎಷ್ಟು ನರಳುತ್ತಾನೆ ಎಂದು ಒಮ್ಮೊಮ್ಮೆ ಒಂದು ಔನ್ಸ್ ಜಾಸ್ತಿಯೂ ಕೊಟ್ಟಿದ್ದುಂಟು.

ಒಂದು ದಿನ ಡಾಕ್ಟರು ಚೀಟಿಗಳನ್ನು ನೋಡುತ್ತಾ ಕೇಳಿದರು: “ಕಾಂಪೌಂಡ್ರೇ, ಈ ಮುನಿಸ್ವಾಮಿ ಹೊಟ್ಟೆನೋವಿಗೆ ಭಾನುವಾರ ರಜವೋ?”

ಭಾನುವಾರ ನಾನಿರುತ್ತಿರಲಿಲ್ಲ. ಆ ದಿನ ಬರುತ್ತಿದ್ದ ವಯಸ್ಸಾದ ಕಾಂಪೌಂಡರು ಹೊಟ್ಟೆನೋವಿಗೆ ಸೋಡಾ ಮಾತ್ರೆ ಮಾತ್ರ ಕೊಡುತ್ತಿದ್ದರು. ಟಿಂಚರಿನಲ್ಲಿ ಮುಕ್ಕಾಲು ಪಾಲು ಸ್ಪಿರಿಟ್ಟು ಎಂಬುದು ಓದಿ ಪಾಸಾದ ನನಗೆ ನೆನಪಿರಲಿಲ್ಲ, ಶಾಲೆಯ ಮೆಟ್ಟಿಲು ಹತ್ತದ ಮುನಿಸ್ವಾಮಿಗೆ ಗೊತ್ತಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಊರಿಗೆಲ್ಲ ಪಾನನಿರೋಧ, ಜೈಲಿನೊಳಗೆ ದಿನವೂ ನಾನೇ ಅಳೆದು ಕುಡಿಸುತ್ತಿದ್ದೆ.

ಮಿಕ್ಸ್ಚರ್ ನಿಂತ ಮೇಲೂ ಮುನಿಸ್ವಾಮಿ ನನ್ನ ಮೇಲೆ ಮುನಿಸಿಕೊಳ್ಳಲಿಲ್ಲ. ನಾಲ್ಕು ದಿನ ಬೆವತ, ಐದನೆಯ ದಿನ ಸರಿಹೋದ. ಆಮೇಲೆ ನನಗೇ ಒಂದು ಪಾಠ ಹೇಳಿಕೊಟ್ಟ. ಬೆಳಿಗ್ಗೆ ಕೈದಿಗಳಿಗೆಲ್ಲ ರಾಗಿ ಅಂಬಲಿ ಕೊಡುತ್ತಿದ್ದರು. ಅಡಿಗೆಮನೆಯ ಕಟ್ಟೆಯಿಂದ ಬೋಗುಣಿ ತುಂಬಿಸಿಕೊಂಡು ಅಂಗಳ ದಾಟಿ ಬೇವಿನ ಮರದ ಕೆಳಗೆ ಹೋಗಿ ಕುಡಿಯಬೇಕು.

“ಅಲ್ಲಿ ನಿಂತ್ಕೊಂಡು ನೋಡಿ ಸಾಮಿ. ಬಂದು ಎಲ್ಡು ದಿನ ಆದ್ಮೇಲೆ ಯಾವೋನ ಅಂಬ್ಲಿ ಅಂಗಳದಲ್ಲಿ ಚೆಲ್ತದೋ ಅವ್ನು ಕುಡುಕ. ಬಾಯಿ ಸುಳ್ಳೇಳ್ತದೆ, ಬೋಗುಣಿ ಏಳಾಕಿಲ್ಲ” ಎಂದ.

ನಾನು ನಕ್ಕುಬಿಟ್ಟೆ. ಕ್ಷೌರದವನಿಂದ ಕಾಂಪೌಂಡರ್ ಕಲಿಯುವುದೇ? ಈಗ ನೆನೆದರೆ ನಾಚಿಕೆಯಾಗುತ್ತದೆ.

ಗಂಗಹನುಮಯ್ಯ ಬಂದದ್ದು ಒಂದು ಸೋಮವಾರ. ಹೆಗ್ಗನಹಳ್ಳಿಯ ಕಡೆಯ ಒಕ್ಕಲು ಮನೆತನದವರು. ನಲವತ್ತೈದರ ಆಸುಪಾಸು. ಹೊಸ ಬಡಾವಣೆಗೆಂದು ಅವರ ಹೊಲದಲ್ಲಿ ನೆಟ್ಟಿದ್ದ ಸರ್ವೆ ಕಲ್ಲುಗಳನ್ನು ಕಿತ್ತು ಹಳ್ಳಕ್ಕೆ ಎಸೆದಿದ್ದರು. ತಡೆಯಲು ಬಂದ ಸರ್ವೆಯವನನ್ನೂ ಕಲ್ಲಿನ ಹಿಂದೆಯೇ ಹಳ್ಳಕ್ಕೆ ನೂಕಿದ್ದರು. ಮೂರು ತಿಂಗಳು ಸಜಾ ಆಗಿತ್ತು. ಒಗೆದ ಪಂಚೆ, ಹಣೆಯಲ್ಲಿ ವಿಭೂತಿ, ತಗ್ಗಿದ ದನಿ. ಇಂಥವರನ್ನು ಚಟದ ಮಾತು ಕೇಳುವುದೇ ಅವಮರ್ಯಾದೆ ಅನ್ನಿಸಿತು. ಕೇಳಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ, ಶನಿವಾರವೇ ಬರೆದಾಗಿತ್ತಲ್ಲ. ಹೆಸರು ತುಂಬಿಸಿ, ಒತ್ತುಕಾಗದವನ್ನು ಒಂದು ಸಾಲು ಕೆಳಗೆ ಸರಿಸಿದೆ.

ಬುಧವಾರ ಬೆಳಿಗ್ಗೆ ಮುನಿಸ್ವಾಮಿ ಓಡಿಬಂದ. “ಸಾಮಿ, ಆ ಹೆಗ್ಗನಳ್ಳಿ ಯಜಮಾನ್ರ ಬೋಗುಣಿ ನೋಡ್ಬನ್ನಿ. ಮರ ಮುಟ್ಟೋ ಒತ್ಗೆ ಅರ್ಧ ಇಲ್ಲ.”

ನಾನು ಏನು ಮಾಡಿದೆ ಗೊತ್ತೇ? ಅಂಗಳಕ್ಕೆ ಹೋಗಲಿಲ್ಲ. ಒಳಗೆ ಹೋಗಿ ರಿಜಿಸ್ಟರ್ ತೆಗೆದು ನೋಡಿದೆ. ನೋಡಿ ಬಂದು, “ಅವನಿಗೆ ಚಟ ಇಲ್ಲ ಕಣಯ್ಯ, ಬುಕ್ಕಲ್ಲೇ ಬರೆದಿದೆ” ಎಂದೆ. ಅಂಗೈ ಹುಣ್ಣಿಗೆ ಕನ್ನಡಿ ಹಿಡಿದಂತಾಯಿತು. ಆ ಕನ್ನಡಿಯೂ ನಾನೇ ಬರೆದ ಚಿತ್ರ. ಮೂವತ್ತು ವರ್ಷ ಸರ್ಕಾರಿ ಕೆಲಸ ಮಾಡಿದ ಮೇಲೂ ಅದಕ್ಕಿಂತ ದೊಡ್ಡ ಪೆದ್ದುತನ ಮಾಡಿದ ನೆನಪಿಲ್ಲ. ತಾನೇ ಹೇಳಿದ ಸುಳ್ಳನ್ನು ಅಕ್ಷರದಲ್ಲಿ ನೋಡಿದರೆ ಮನುಷ್ಯ ತಾನೇ ನಂಬಿಬಿಡುತ್ತಾನೆ.

ಗುರುವಾರ ಬೆಳಗಾಗುವ ಹೊತ್ತಿಗೆ ಗಂಗಹನುಮಯ್ಯ ಪೂರ್ತಿ ಬೇರೆಯವರಾಗಿದ್ದರು. ಮೈಯೆಲ್ಲ ಬೆವರು, ಕಣ್ಣು ಕೆಂಡ. “ಕಲ್ಲು ಬತ್ತಾ ಅವೆ, ಹಳ್ಳದಿಂದ ಎದ್ದು ಬತ್ತಾ ಅವೆ, ಬಾಗಿಲು ಹಾಕ್ರೋ” ಎಂದು ಕೂಗುತ್ತಾ ಗೋಡೆ ಕೆರೆಯುತ್ತಿದ್ದರು. ಹಿಡಿಯಹೋದ ವಾರ್ಡರನಿಗೆ ಏಟು ಬಿತ್ತು. ಒಂಟಿ ಕೋಣೆಗೆ ಹಾಕಿ ಬೀಗ ಜಡಿದರು. ಡಾಕ್ಟರು ಬಂದು ನೋಡಿ, ನನ್ನ ಕಡೆ ತಿರುಗಿದರು.

“ಕುಡೀತಾನೇನ್ರಿ ಇವನು?”

ಹೇಳುವುದಕ್ಕೆ ಅದೇ ಸಮಯ. “ಬುಕ್ಕಲ್ಲಿ ಇಲ್ಲ ಅಂತಿದೆ ಸಾರ್” ಎಂದೆ. ಮಾತು ಸುಳ್ಳಲ್ಲ. ಆದರೆ ಅಷ್ಟು ದೊಡ್ಡ ಸುಳ್ಳನ್ನು ನಾನು ಹುಟ್ಟಿದ ಮೇಲೆ ಹೇಳಿರಲಿಲ್ಲ. ಕೆಲಸ ಕಾಯಂ ಆಗಲು ಇನ್ನು ಎರಡು ತಿಂಗಳಿತ್ತು.

ಚಟವಿಲ್ಲ, ಜ್ವರವಿಲ್ಲ, ತಲೆಗೆ ಪೆಟ್ಟಿಲ್ಲ. ಹಾಗಿದ್ದರೆ ಉಳಿದದ್ದು ಒಂದೇ, ಬುದ್ಧಿಭ್ರಮಣೆ. ಜೈಲರ್ ಸಾಹೇಬರು ಹುಚ್ಚಾಸ್ಪತ್ರೆಗೆ ಸಾಗಿಸುವ ಕಾಗದ ಸಿದ್ಧ ಮಾಡಿಸಿದರು. ಡಾಕ್ಟರು ಮನಸ್ಸಿಲ್ಲದ ಮನಸ್ಸಿನಿಂದ ರುಜು ಹಾಕಿದರು. ಮಧ್ಯಾಹ್ನ ನಾಲ್ಕಕ್ಕೆ ವ್ಯಾನು ಬರುವುದೆಂದು ಗೊತ್ತಾಯಿತು.

ಗುರುವಾರ ಮನೆಯವರು ಬಂದು ಕೈದಿಗಳನ್ನು ನೋಡುವ ದಿನ. ಮೂರು ಗಂಟೆಗೆ ಗಂಗಹನುಮಯ್ಯನವರ ಹೆಂಡತಿ ಹೊನ್ನಮ್ಮ ಬಂದರು. ಹೆಗ್ಗನಹಳ್ಳಿಯಿಂದ ನಡೆದೇ ಬಂದಿದ್ದರು. ಗಂಡನನ್ನು ತೋರಿಸುವುದಿಲ್ಲ, ತಲೆ ಕೆಟ್ಟಿದೆ, ಹುಚ್ಚಾಸ್ಪತ್ರೆಗೆ ಕಳಿಸುತ್ತಾರೆ ಎಂದು ಗೇಟಿನವನು ಹೇಳಿಬಿಟ್ಟಿದ್ದ. ಔಷಧದ ಕಿಟಕಿಯ ಹತ್ತಿರ ಬಂದು ಸರಳು ಹಿಡಿದುಕೊಂಡರು. ಅಳಲಿಲ್ಲ.

“ಅವ್ರಿಗೆ ತಲೆ ಕೆಟ್ಟಿಲ್ಲ ಸ್ವಾಮಿ. ಕುಡೀತಾರೆ. ದಿನಾ ಸಂಜೆ ಹಿತ್ಲಲ್ಲಿ ಕುಂತು ಕುಡೀತಾರೆ. ಹೋದ ವರ್ಸ ನಾನು ಹಟ ಹಿಡಿದು ಮೂರು ದಿನ ಬಿಡಿಸಿದ್ದೆ. ಆವಾಗ್ಲೂ ಹಿಂಗೇ ಆಡಿದ್ರು.”

“ಮೊದ್ಲೇ ಯಾಕಮ್ಮ ಹೇಳ್ಲಿಲ್ಲ?”

“ನೀವು ಕೇಳಿದ್ರಾ ಸ್ವಾಮಿ?”

ಆಕೆ ಬೈದದ್ದಲ್ಲ, ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದ್ದು.

“ಮಗ್ಳು ಗೌರಿಗೆ ಹದಿನೈದು ತುಂಬ್ತು. ಕುಡುಕನ ಮಗ್ಳು ಅಂದ್ರೆ ಮದ್ವೆ ಆಯ್ತದೆ, ಕುಡೀದಿರೋ ಮನೆ ಯಾವ್ದೈತೆ. ಹುಚ್ಚನ ಮಗ್ಳು ಅಂದ್ರೆ ನಮ್ಮ ಹೊಸ್ಲು ಯಾರೂ ತುಳಿಯಾಕಿಲ್ಲ. ಕೇಸ್ ಬೇಕಾದ್ರೆ ಹಾಕ್ಲಿ, ಇನ್ನಾರು ತಿಂಗ್ಳು ಒಳಗಿರ್ಲಿ. ಕುಡುಕ ಅಂತ ಬರ್ಕೊಳ್ಳಿ ಸ್ವಾಮಿ, ನಿಮ್ಮ ಕಾಲಿಗೆ ಬೀಳ್ತೀನಿ.”

ಬರೆದುಕೊಳ್ಳುವುದು ಸುಲಭವಲ್ಲ. ಜೈಲಿನ ರಿಜಿಸ್ಟರಿನಲ್ಲಿ ಒಂದು ಅಕ್ಷರ ಹೊಡೆದುಹಾಕಿದರೂ ಕಾರಣ ಬರೆದು ಮೇಲಿನವರ ರುಜು ಪಡೆಯಬೇಕು. ಕಾರಣ ಏನೆಂದು ಬರೆಯಲಿ? ಕೈದಿ ಸುಳ್ಳು ಹೇಳಿದ ಎಂದು ಬರೆದರೆ ನಾನು ಬಚಾವು. ಒಂದು ಗಳಿಗೆ ಹಾಗೆಯೇ ಯೋಚಿಸಿದೆ, ಮುಚ್ಚಿಡುವುದಿಲ್ಲ. ಆದರೆ ಆ ಮನುಷ್ಯನಿಗೆ ಸುಳ್ಳು ಹೇಳುವ ಅವಕಾಶವನ್ನೂ ನಾನು ಕೊಟ್ಟಿರಲಿಲ್ಲ.

ರಿಜಿಸ್ಟರ್ ಎತ್ತಿಕೊಂಡು ಡಾಕ್ಟರ ಕೋಣೆಗೆ ಹೋದೆ. ಅವರು ಹೊರಡಲು ಕೋಟು ಹಾಕಿಕೊಳ್ಳುತ್ತಿದ್ದರು. ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟು ಒತ್ತುಕಾಗದ ತೆಗೆದೆ. ಗಂಗಹನುಮಯ್ಯನವರ ಹೆಸರಿನ ಕೆಳಗೆ ಹನ್ನೊಂದು ಖಾಲಿ ಸಾಲು. ಹೆಸರಿಲ್ಲ, ತೂಕವಿಲ್ಲ, ಎತ್ತರವಿಲ್ಲ. ಕೊನೆಯ ಕಾಲಮ್ಮಿನಲ್ಲಿ ಮಾತ್ರ ನನ್ನ ದುಂಡನೆಯ ಅಕ್ಷರದಲ್ಲಿ ಹನ್ನೊಂದು ‘ಇಲ್ಲ’.

ಡಾಕ್ಟರು ಆ ಹನ್ನೊಂದರ ಮೇಲೂ ಒಂದೊಂದಾಗಿ ಬೆರಳಾಡಿಸಿದರು. ಈಗ ಕಪಾಳಕ್ಕೆ ಬೀಳುತ್ತದೆ ಎಂದು ಕಾದೆ.

“ಯಾರು ಹೇಳಿದ್ದು ಕುಡೀತಾನೆ ಅಂತ?”

“ಹೆಂಡತಿ ಸಾರ್. ಕಿಟಕಿ ಹತ್ರ ಇದ್ದಾರೆ.”

“ಇಂಜೆಕ್ಷನ್ ಡಬ್ಬ ತಗೊಂಡ್ ಬನ್ರಿ. ಬಯ್ಯೋದು ಆಮೇಲೆ.”

ವ್ಯಾನು ಖಾಲಿ ಹಿಂದಿರುಗಿತು. ಡಾಕ್ಟರು ಆ ದಿನ ಸಂಜೆಯವರೆಗೂ ಕದಲಲಿಲ್ಲ, ಮಾರನೆಯ ದಿನ ಅವರ ವಾರವಲ್ಲದಿದ್ದರೂ ಬಂದರು. ನಿದ್ದೆಯ ಔಷಧ, ವಿಟಮಿನ್ ಚುಚ್ಚುಮದ್ದು, ಚಮಚದಲ್ಲಿ ಗ್ಲೂಕೋಸ್ ನೀರು. ಇನ್ನು ಒಂದು ದಿನ ಹಾಗೆಯೇ ಬೀಗದೊಳಗೆ ಬಿಟ್ಟಿದ್ದರೆ ಹುಚ್ಚಾಸ್ಪತ್ರೆಯೂ ಬೇಕಾಗುತ್ತಿರಲಿಲ್ಲ, ಹೆಣವೇ ಹೊರಡುತ್ತಿತ್ತು ಎಂದು ಅವರು ಆಮೇಲೆ ಹೇಳಿದರು. ಭಾನುವಾರ ಗಂಗಹನುಮಯ್ಯ ಕಣ್ಣು ಬಿಟ್ಟು, “ಅಂಬ್ಲಿ ಐತಾ?” ಎಂದು ಕೇಳಿದರಂತೆ. ಸೋಮವಾರ ಮುನಿಸ್ವಾಮಿ ಈ ಸುದ್ದಿ ಹೇಳಿದಾಗ ನಾನು ಔಷಧದ ಕೋಣೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಬೈಗುಳ ಶಾಸ್ತ್ರೋಕ್ತವಾಗಿಯೇ ಆಯಿತು. ನನ್ನ ಸೇವಾ ಪುಸ್ತಕದಲ್ಲಿ ಛೀಮಾರಿ ಬರೆದರು. ಕಾಯಂ ಆಗುವುದು ಒಂದು ವರ್ಷ ಮುಂದಕ್ಕೆ ಹೋಯಿತು. ಮಾಡಿದ್ದುಣ್ಣೋ ಮಹರಾಯ. ಅತ್ತಿಗೆ ಒಂದು ತಿಂಗಳು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ಕೆಲಸ ಕಾಯಂ ಆದರೆ ಹೆಣ್ಣು ಕೊಡುತ್ತೇವೆಂದು ಕೆಂಗೇರಿಯ ಕಡೆಯವರೊಬ್ಬರು ಹೇಳಿದ್ದರಂತೆ.

ಆದರೆ ಡಾಕ್ಟರು ಬೈದು ಸುಮ್ಮನಾಗುವವರಲ್ಲ. ಮುಂದಿನ ವಾರ ತಾವೇ ಜಗಲಿಗೆ ಬಂದು ನಿಂತು ನಾನು ಹೇಗೆ ಕೇಳುತ್ತೇನೆ ಎಂದು ನೋಡಿದರು. ಆಮೇಲೆ ಒಂದೊಂದೇ ತಿದ್ದಿದರು. ಜಗಲಿಯಲ್ಲಿ ಕೇಳಬೇಡಿ, ಔಷಧದ ಕೋಣೆಗೆ ಕರೆದುಕೊಂಡು ಹೋಗಿ. ಪೊಲೀಸಿನವನು ಹೊರಗಿರಲಿ. ಸ್ಟೂಲು ಕೊಟ್ಟು ಕೂರಿಸಿ, ನೀವೂ ಕೂತುಕೊಳ್ಳಿ. ನಿಮಗಿಂತ ದೊಡ್ಡವನನ್ನು ‘ನೀವು’ ಅನ್ನಿ, ಕೈದಿಯಾದರೇನು. ಕಡೆಗೆ ಪ್ರಶ್ನೆಯನ್ನೇ ಬದಲಾಯಿಸಿದರು.

“ಕುಡೀತೀರಾ ಅಂತ ಕೇಳಿದ್ರೆ ಇಲ್ಲ ಅಂತಾನೆ. ಕಡೇ ಸಲ ಯಾವಾಗ ತಗೊಂಡ್ರಿ ಅಂತ ಕೇಳಿ. ಯೋಚನೆ ಮಾಡ್ತಾನೆ. ಯೋಚನೆ ಮಾಡೋನು ನಿಜ ಹೇಳ್ತಾನೆ.”

ಸೂಪರಿಂಟೆಂಡೆಂಟರ ಹತ್ತಿರ ಜಗಳವಾಡಿ ಇನ್ನೊಂದು ಕೆಲಸವನ್ನೂ ಮಾಡಿಸಿದರು. ಚಟದ ವಿಷಯ ಇನ್ನು ದೊಡ್ಡ ರಿಜಿಸ್ಟರಿಗೆ ಹೋಗುವುದಿಲ್ಲ, ಔಷಧದ ಚೀಟಿಯ ಮೇಲೆ ಮಾತ್ರ ಬರೆಯುವುದು, ಆ ಚೀಟಿಯನ್ನು ಪೊಲೀಸಿನವರು ನೋಡುವಂತಿಲ್ಲ. ಇದು ಗೊತ್ತಾದ ಮೇಲೆ ಕೈದಿಗಳ ಬಾಯಿ ಬಿಚ್ಚಿತು. ರಾಜಾಜಿನಗರದ ಬಡಗಿಯೊಬ್ಬ, ಸಾರಾಯಿ ಸಿಗದಾಗ ಮರಕ್ಕೆ ಹಚ್ಚುವ ಪಾಲಿಶನ್ನೇ ಕುಡಿಯುತ್ತಿದ್ದೆ ಎಂದು ತಲೆ ತಗ್ಗಿಸಿ ಹೇಳಿದ. ಅವನನ್ನು ಜೈಲಿನ ಮರಗೆಲಸದ ಷೆಡ್ಡಿಗೆ ಹಾಕಲು ಆಗಲೇ ಬರೆದಾಗಿತ್ತು. ನೇಯ್ಗೆಗೆ ಬದಲಾಯಿಸಿದೆವು. ಮಂಡಿನೋವಿಗೆಂದು ಇಪ್ಪತ್ತು ವರ್ಷದಿಂದ ಕಡಲೆ ಕಾಳಿನಷ್ಟು ಅಫೀಮು ತಿನ್ನುತ್ತಿದ್ದ ಮುದುಕರೊಬ್ಬರನ್ನು ಡಾಕ್ಟರು ಸಾಸಿವೆಯಷ್ಟಕ್ಕೆ, ಆಮೇಲೆ ಏನೂ ಇಲ್ಲದಷ್ಟಕ್ಕೆ ಇಳಿಸಿದರು. ಕಾಯಿಲೆಯವರಿಗೆ ಬ್ರೆಡ್ಡು ಹಾಲು ಸಿಗುತ್ತದೆಂದು ಗೊತ್ತಾಗಿ, ಒಂದು ತೊಟ್ಟೂ ಕುಡಿಯದ ಜೇಬುಗಳ್ಳನೊಬ್ಬ ಕೈ ನಡುಗಿಸಿಕೊಂಡು ಬಂದ. ಮುನಿಸ್ವಾಮಿ ಅವನಿಗೆ ಅಂಬಲಿ ಹಿಡಿಸಿ ಅಂಗಳ ದಾಟಿಸಿದ. ನಡುಗಿಸುವುದನ್ನು ಮರೆತು ಕುಡಿಯುವುದರ ಮೇಲೇ ಗಮನವಿಟ್ಟಿದ್ದ ಅವನು ಒಂದು ಹನಿಯನ್ನೂ ಚೆಲ್ಲಲಿಲ್ಲ. ನಾನು ಆ ಹೊತ್ತಿಗೆ ಬೆಳಿಗ್ಗೆ ಬೆಳಿಗ್ಗೆ ಬೇವಿನ ಮರದ ಕೆಳಗೇ ನಿಂತಿರುತ್ತಿದ್ದೆ.

ಎಲ್ಲರೂ ಬಿಟ್ಟರು ಎಂದು ಬರೆದರೆ ಸುಳ್ಳಾಗುತ್ತದೆ. ಬಿಟ್ಟವರು ಕಡಿಮೆ. ಮೂರು ತಿಂಗಳು ಒಣಗಿಸಿ ಕಳಿಸಿದವನು ನಾಲ್ಕನೆಯ ತಿಂಗಳು ಅದೇ ವಾಸನೆಯೊಂದಿಗೆ ಗೇಟಿಗೆ ಬರುತ್ತಿದ್ದ. ಅವನ ಮೇಲೆ ಸಿಟ್ಟು ಬರುತ್ತಿತ್ತು. ಆದರೂ ಸ್ಟೂಲು ಕೊಟ್ಟು ಕೂರಿಸಿ ಮತ್ತೆ ಅದೇ ಪ್ರಶ್ನೆ ಕೇಳುತ್ತಿದ್ದೆ.

ಮೂರು ವರ್ಷದ ಮೇಲೆ ಒಂದು ದಿನ ಹೊನ್ನಮ್ಮ ಅರಿಸಿನ ಹಚ್ಚಿದ ಲಗ್ನಪತ್ರಿಕೆ ಹಿಡಿದು ಜೈಲಿನ ಗೇಟಿಗೆ ಬಂದರು. ಗೌರಿಯ ಮದುವೆ. “ನೀವು ಬರ್ಲೇಬೇಕು” ಎಂದರು. ಮದುವೆ ಸೋಮವಾರ, ಮನೆಯ ಮುಂದೆಯೇ ಚಪ್ಪರ. ನಾನು ರಜೆ ಹಾಕಿ ಸೈಕಲ್ಲಿನಲ್ಲಿ ಹೆಗ್ಗನಹಳ್ಳಿಗೆ ಹೋದೆ.

ಗಂಗಹನುಮಯ್ಯ ಹೊಸ ಪಂಚೆ, ರುಮಾಲಿನಲ್ಲಿ ಎದುರುಗೊಂಡರು. ಬೀಗರಿಗೆ “ಇವ್ರು ನಮ್ಗೆ ಬೇಕಾದೋರು” ಎಂದಷ್ಟೇ ಪರಿಚಯಿಸಿದರು. ಎಲ್ಲಿಯ ಪರಿಚಯ ಎಂದು ಅವರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಆಮೇಲೆ ಒಳಗಿನಿಂದ ಅವರೇ ಲೋಟದ ತುಂಬ ಪಾನಕ ತಂದರು. ಚಪ್ಪರದ ಆ ತುದಿಯಿಂದ ಈ ತುದಿಗೆ ನಡೆದು ಬರುವಷ್ಟರಲ್ಲಿ ಪಾನಕ ಬೆರಳ ಮೇಲೆಲ್ಲ ಹರಿದು ಪಂಚೆಗೆ ಬಿದ್ದಿತ್ತು. ಲೋಟವನ್ನು ಎರಡೂ ಕೈಯಲ್ಲಿ ಈಸಿಕೊಂಡೆ. ಅವರ ಹಣೆಯ ಮೇಲೆ ಬೆವರು. ಸೆಖೆಯ ದಿನವಲ್ಲ ಅದು.

ಸುತ್ತ ನೆಂಟರಿಷ್ಟರು. ಹೊಸ ಬೀಗರು ನಾಲ್ಕು ಮಾರು ದೂರದಲ್ಲಿ. ‘ಏನೂ ಇಲ್ಲ ಸ್ವಾಮಿ, ಮದ್ವೆ ಓಡಾಟ’ ಎಂದುಬಿಟ್ಟರೆ ಯಾರೂ ತಪ್ಪೆನ್ನುವಂತಿರಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು, ಮೆಲ್ಲಗೆ ಕೇಳಿದೆ.

“ಯಜಮಾನ್ರೇ, ಕಡೇ ಸಲ ಯಾವಾಗ ತಗೊಂಡ್ರಿ?”

ಅವರು ನನ್ನ ಮುಖ ನೋಡಿದರು. ಬೀಗರ ಕಡೆ ನೋಡಿದರು. ತಮ್ಮ ಕೈ ನೋಡಿಕೊಂಡರು. ಯೋಚನೆ ಮಾಡಿದರು.

“ಸನಿವಾರ ಸಂಜೆ, ಸ್ವಾಮಿ. ಬಿಟ್ಟಿದ್ದೆ, ಹಬ್ಬದಲ್ಲಿ ಮತ್ತೆ ಹತ್ಕೊಂತು. ಧಾರೆ ಎರೆಯೋ ಕೈ ನೋಡಿ ಇದು. ಅದ್ಕೇ ಸನಿವಾರಕ್ಕೇ ನಿಲ್ಲಿಸ್ದೆ.”

ಸೋಮವಾರಕ್ಕೆ ಎರಡು ದಿನ. ಮೂರನೆಯ ದಿನ ಏನಾಗುತ್ತದೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಹೊನ್ನಮ್ಮನನ್ನು ಕರೆದು ಎರಡು ಮಾತು ಹೇಳಿದೆ. ಧಾರೆಯ ಹೊತ್ತಿನಲ್ಲಿ ಆಕೆ ಗಂಡನ ಕೈಯನ್ನು ಕೆಳಗಿನಿಂದ ಗಟ್ಟಿಯಾಗಿ ಹಿಡಿದುಕೊಂಡರು. ಹಾಲು ಅಷ್ಟಿಷ್ಟು ಹೊರಗೆ ಚೆಲ್ಲಿತು. ಹೆಣ್ಣಿನ ತಂದೆಗೆ ದುಃಖ ಉಕ್ಕಿದೆ ಎಂದು ನೆರೆದವರು ಕಣ್ಣೊರೆಸಿಕೊಂಡರು. ಅದೂ ಸುಳ್ಳಲ್ಲ. ಊಟದ ಪಂಕ್ತಿ ಎದ್ದ ಕೂಡಲೇ ಅವರನ್ನು ಗಾಡಿಯಲ್ಲಿ ಕೂರಿಸಿಕೊಂಡು ಡಾಕ್ಟರ ಮನೆಗೆ ಹೊರಟೆ. ದಾರಿಯ ಎರಡೂ ಕಡೆ ಹೊಸ ಸರ್ವೆ ಕಲ್ಲುಗಳಿದ್ದವು. ಅವು ಇನ್ನೂ ನೆಟ್ಟಲ್ಲೇ ನಿಂತಿದ್ದವು.

ಸುಜಾತಳ ನಾಲ್ಕು ಪುಟದ ಪ್ರಶ್ನಾವಳಿಯನ್ನು ಪೂರ್ತಿ ಓದಿದೆ. ಚೆನ್ನಾಗಿದೆ. ಪ್ರತಿ ಪ್ರಶ್ನೆಯ ಮುಂದೆಯೂ ಗುರುತು ಹಾಕಲು ಒಂದು ಸಣ್ಣ ಚೌಕ ಇದೆ. ಅವನ್ನು ಮೊದಲೇ ತುಂಬಿಸಿಡುವುದು ಎಷ್ಟು ಸುಲಭ ಎಂದು ಅವಳಿಗೆ ಹೇಳಿದೆ. ಈ ಸಲ ಅವಳು ನಗಲಿಲ್ಲ. ಆಮೇಲೆ ಗಂಗಹನುಮಯ್ಯನವರ ಉತ್ತರವನ್ನೂ ಹೇಳಿದೆ. ಮಗಳ ಮದುವೆಯ ದಿನ, ಬೀಗರ ಎದುರಿಗೆ, ಕೇಳಿದ್ದಕ್ಕೆ ಆ ಮನುಷ್ಯ ನಿಜ ಹೇಳಿದರು. ತಿದ್ದಿದರೆ ಅವರ ಮೇಲೆ ಇನ್ನೊಂದು ಕೇಸಾದೀತೆಂದು, ಅವರ ಹೆಸರಿನ ಮುಂದೆ ನಾನು ಬರೆದಿದ್ದ ‘ಇಲ್ಲ’ವನ್ನು ಯಾರೂ ಹೊಡೆದುಹಾಕಿರಲಿಲ್ಲ, ಆ ಹಳೆಯ ರಿಜಿಸ್ಟರಿನಲ್ಲಿ ಅದು ಹಾಗೆಯೇ ಉಳಿದುಹೋಯಿತು. ಅದಕ್ಕೇ ಅವರ ಉತ್ತರವನ್ನು ಇಲ್ಲಿ ಬರೆದಿಟ್ಟಿದ್ದೇನೆ: ಶನಿವಾರ ಸಂಜೆ.